ಸೋಲದ ಸೀಸನ್‌ಗಳ ಕೋಚ್: ಜಾನ್ ಹೈಸ್‌ಮನ್

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹೊನಲು ಬೆಳಕಿನ ಪಂದ್ಯಾಟಕ್ಕೆ ಹೋದವರಿಗೆಲ್ಲ ಈ ದೃಶ್ಯ ಗೊತ್ತುಂಟು. ಮೈದಾನದಲ್ಲಿ ಕೊನೆಯ ಸೆಟ್ ನಡೀತಾ ಇರುತ್ತದೆ, ಹೊರಗಿನಿಂದ ಬಂದ ತಂಡದ ಮ್ಯಾನೇಜರ್ ಮಾತ್ರ ಅಂಕಪಟ್ಟಿ ಬಿಟ್ಟು ವಾಚ್ ನೋಡುತ್ತಿರುತ್ತಾರೆ. ಕೊನೆಯ ಬಸ್ ತಪ್ಪಿದರೆ ಆ ರಾತ್ರಿ ಮೈದಾನವೇ ಗತಿ. ಆಟ ಮುಗಿಯುವ ಮೊದಲೇ ಯಾರಾದರೂ ಬ್ಯಾಗ್ ಎತ್ತಿಕೊಂಡರೆ ಗೆದ್ದದ್ದು ಯಾರು ಅಂತ ಮರುದಿನ ಕ್ಯಾಂಟೀನಿನಲ್ಲಿ ಎರಡು ಲೆಕ್ಕ ಹುಟ್ಟಿಕೊಳ್ಳುತ್ತದೆ.

1892ರಲ್ಲಿ ಅಮೆರಿಕದ ಒಂದು ಕಾಲೇಜು ಫುಟ್ಬಾಲ್ ತಂಡಕ್ಕೆ ಹೀಗೇ ಆಯಿತು. ಅಲ್ಲಿ ಬಸ್ಸಿನ ಬದಲು ರೈಲು, ಅಷ್ಟೇ ವ್ಯತ್ಯಾಸ. ಇಡೀ ಸೀಸನ್ ಸೋಲದ ತಂಡ ಎಂದು ಆ ಕಾಲೇಜು ಇವತ್ತಿಗೂ ಹೇಳಿಕೊಳ್ಳುತ್ತದೆ, ಎದುರಾಳಿ ಕಾಲೇಜು ಇವತ್ತಿಗೂ ಒಪ್ಪುವುದಿಲ್ಲ. ಆ ತಂಡದ ಕೋಚ್ 23 ವರ್ಷದ ಹುಡುಗ, ಹೆಸರು ಜಾನ್ ಹೈಸ್‌ಮನ್. ಪ್ರತಿ ಡಿಸೆಂಬರಿನಲ್ಲಿ ಅಮೆರಿಕದ ಅತ್ಯುತ್ತಮ ಕಾಲೇಜು ಫುಟ್ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಇದೇ ಮನುಷ್ಯನ ಹೆಸರಿನದ್ದು. ಅವರನ್ನು ನಾವು ಈ ಸಂಚಿಕೆಗೆ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಅವರ ಬದುಕಿನ 16 ಸೀಸನ್ ಕಳೆದದ್ದು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ. ಹಾಗಾಗಿ ಅವರು ಸ್ವಲ್ಪ ನಮ್ಮವರೂ ಹೌದು!

ಪೀಪಾಯಿ ಮಾಡುವವರ ಮಗ

ಹೈಸ್‌ಮನ್ ಹುಟ್ಟಿದ್ದು 1869ರ ಅಕ್ಟೋಬರ್ 23ರಂದು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬ ಊರಲ್ಲಿ. ಪೆಟ್ರೋಲಿಯಂ ಬಗ್ಗೆ ಓದಿದವರಿಗೆ ಈ ಹೆಸರು ಪರಿಚಯ ಇರಬಹುದು. 1859ರಲ್ಲಿ ಎಡ್ವಿನ್ ಡ್ರೇಕ್ ನೆಲ ಕೊರೆದು ಎಣ್ಣೆ ತೆಗೆದದ್ದು ಅಲ್ಲೇ. ಆಗ ಎಣ್ಣೆ ಸಾಗಿಸಲು ಬೇಕಾಗಿದ್ದದ್ದು ಮರದ ಪೀಪಾಯಿ. ಹೈಸ್‌ಮನ್ ಅವರ ತಂದೆ ಪೀಪಾಯಿ ಮಾಡುವ ಕಸುಬಿನವರು.

ಮಗ 1887ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಸೇರಿದ, ಆಮೇಲೆ ಕಾನೂನು ಓದಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದ. ಎರಡೂ ಕಡೆ ಫುಟ್ಬಾಲ್ ಆಡಿದ. ಮೈಕಟ್ಟು ದೊಡ್ಡದಲ್ಲ, ತೂಕ ಸುಮಾರು 72 ಕಿಲೋ. ಆದರೆ ಆಡುತ್ತಿದ್ದದ್ದು ದಢೂತಿಗಳು ನಿಲ್ಲುವ ಮುಂದಿನ ಸಾಲಿನಲ್ಲಿ.

ಅವರು ವಕೀಲರಾಗಬೇಕಿತ್ತು. ತಪ್ಪಿದ್ದು ಕಣ್ಣಿನಿಂದ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಒಳಾಂಗಣದಲ್ಲಿ ಒಂದು ಪಂದ್ಯ ಇತ್ತು. ಅಲ್ಲಿನ ವಿದ್ಯುತ್ ದೀಪಗಳ ಪ್ರಖರ ಬೆಳಕಿಗೆ ಅವರ ದೃಷ್ಟಿಗೆ ಪೆಟ್ಟಾಯಿತು. ಕೊನೆಯ ಪರೀಕ್ಷೆ ಬರೆಯಲು ಆಗದೆ, ಪ್ರಾಧ್ಯಾಪಕರು ಬಾಯಲ್ಲಿ ಪ್ರಶ್ನೆ ಕೇಳಿ ಪಾಸು ಮಾಡಿದರು. ಕಣ್ಣಿಗೆ ವಿಶ್ರಾಂತಿ ಕೊಡಬೇಕು ಅಂತ ವೈದ್ಯರು ಹೇಳಿದ್ದರಿಂದ ವಕೀಲಿಕೆ ಮುಂದೆ ಹೋಯಿತು. ಆ ಬಿಡುವಿನಲ್ಲಿ ಒಹಾಯೊದ ಓಬರ್ಲಿನ್ ಕಾಲೇಜು ಕೋಚ್ ಆಗಲು ಕರೆಯಿತು, ಇವರು ಹೋದರು. ಡಿಗ್ರಿ ಒಂದು, ಕೆಲಸ ಇನ್ನೊಂದು ಅನ್ನೋದು ನಮ್ಮ ಬ್ಯಾಚಿನಿಂದ ಶುರುವಾದದ್ದಲ್ಲ, ನೋಡಿ.

ಆಗಿನ ಆಟ ಹೇಗಿತ್ತು?

ಈ ಫುಟ್ಬಾಲ್ ನಾವು ಕಾಲಲ್ಲಿ ಒದೆಯುವ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಬೇಕು. ಒಂದು ಕಡೆ 11 ಮಂದಿ. 1892ರ ನಿಯಮದಂತೆ ಮೂರು ಯತ್ನಗಳಲ್ಲಿ ಐದು ಗಜವಾದರೂ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿದರೆ, ಅಂದರೆ ಟಚ್‌ಡೌನ್ ಆದರೆ, 4 ಅಂಕ. ಆಮೇಲಿನ ಒದೆತ ಗುರಿ ಮುಟ್ಟಿದರೆ ಇನ್ನೂ 2.

ಮುಖ್ಯವಾದ ನಿಯಮ ಒಂದು. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ. ಹಾಗಾದರೆ ಮುಂದೆ ಹೋಗುವುದು ಹೇಗೆ? ಗುಂಪಾಗಿ ನುಗ್ಗುವುದು. ಹತ್ತು ಮಂದಿ ಚೆಂಡು ಹಿಡಿದವನ ಸುತ್ತ ತ್ರಿಕೋನದ ಹಾಗೆ ಕಟ್ಟಿಕೊಂಡು ಓಡಿಬಂದು ಎದುರಿನ ಒಬ್ಬನ ಮೇಲೆ ಬೀಳುವ ತಂತ್ರವೂ ಅದೇ 1892ರಲ್ಲಿ ಬಂತು. ಹತ್ತು ಜನರ ತೂಕ, ಅದಕ್ಕೆ ಓಟದ ವೇಗ. ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ ಓದಿದವರು ಸಂವೇಗ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ನಿಂತವನ ತಲೆ ಮೇಲೆ ಗಟ್ಟಿ ಹೆಲ್ಮೆಟ್ ಕೂಡ ಇಲ್ಲ.

ನಾಲ್ಕು ಐವತ್ತರ ರೈಲು

ಓಬರ್ಲಿನ್ ಸಣ್ಣ ಕಾಲೇಜು, ಆದರೆ ಹೆಸರುವಾಸಿ. 1835ರಲ್ಲೇ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ಕಾಲೇಜು ಅದು, 1837ರಲ್ಲಿ ಹೆಣ್ಣುಮಕ್ಕಳಿಗೂ ಡಿಗ್ರಿ ಓದಲು ಅವಕಾಶ ಕೊಟ್ಟಿತ್ತು. ಹೈಸ್‌ಮನ್ ಅವರ ತಂಡದಲ್ಲಿ ಹವಾಯಿ ದ್ವೀಪದ ಜಾನ್ ವೈಸ್ ಎಂಬ ಹುಡುಗನೂ ಇದ್ದ.

ಆ ಸೀಸನ್ನಿನಲ್ಲಿ ಓಬರ್ಲಿನ್ ಎದುರಿಗೆ ಬಂದವರನ್ನೆಲ್ಲ ಸೋಲಿಸುತ್ತ ಹೋಯಿತು. ಇವತ್ತು ದೈತ್ಯ ತಂಡ ಅನ್ನಿಸಿಕೊಂಡಿರುವ ಒಹಾಯೊ ಸ್ಟೇಟ್ ಅನ್ನು ಒಂದೇ ಸೀಸನ್ನಿನಲ್ಲಿ ಎರಡು ಸಲ ಬಡಿಯಿತು, 40–0 ಮತ್ತು 50–0. ಆಮೇಲೆ ನವೆಂಬರ್ 19ರಂದು ಮಿಷಿಗನ್ ವಿಶ್ವವಿದ್ಯಾಲಯದ ಮೈದಾನಕ್ಕೆ ಹೋಯಿತು.

ಸಂಜೆ 4.50ಕ್ಕೆ ಆಟ ನಿಲ್ಲಿಸುವುದು ಅಂತ ಮೊದಲೇ ಒಪ್ಪಂದ ಆಗಿತ್ತು, ಯಾಕೆಂದರೆ ಓಬರ್ಲಿನ್ ಹುಡುಗರಿಗೆ ಊರಿಗೆ ರೈಲು ಹಿಡಿಯಬೇಕಿತ್ತು. 4.50 ಆದಾಗ ಓಬರ್ಲಿನ್ 24–22ರಿಂದ ಮುಂದಿತ್ತು. ಓಬರ್ಲಿನ್ ಕಡೆಯ ರೆಫರಿ ಸಮಯ ಮುಗಿಯಿತು ಅಂದರು. ಹುಡುಗರು ಗೆದ್ದೆವು ಅಂತ ಸ್ಟೇಷನ್ನಿಗೆ ಓಡಿದರು. ಅಷ್ಟರಲ್ಲಿ ಮಿಷಿಗನ್ ಕಡೆಯ ಅಂಪೈರ್, ಆಟ ನಿಂತಿದ್ದ ಹೊತ್ತು ಲೆಕ್ಕಕ್ಕೆ ಬಂದಿಲ್ಲ, ಇನ್ನೂ ನಾಲ್ಕು ನಿಮಿಷ ಉಂಟು ಅಂದರು. ಎದುರಿಗೆ ಒಬ್ಬನೂ ಇಲ್ಲದ ಮೈದಾನದಲ್ಲಿ ಮಿಷಿಗನ್ ಆಟಗಾರ ಆರಾಮಾಗಿ ನಡೆದುಕೊಂಡು ಹೋಗಿ ಗೆರೆ ದಾಟಿದ. 4 ಅಂಕ ಸೇರಿತು, 26–24.

ಓಬರ್ಲಿನ್ ಪುಸ್ತಕದಲ್ಲಿ ಅದು ಗೆಲುವು. ಏಳಕ್ಕೆ ಏಳೂ ಗೆದ್ದ, ಸೋಲೇ ಇಲ್ಲದ ಸೀಸನ್. ಮಿಷಿಗನ್ ಪುಸ್ತಕದಲ್ಲಿ ಅದೇ ಪಂದ್ಯ ತಮ್ಮ ಗೆಲುವು. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂತ ನಮಗೆ ಅನ್ನಿಸುವುದಿಲ್ಲ. ಗಡಿಯಾರ ಇಬ್ಬರ ಕೈಯಲ್ಲಿತ್ತು, ಇಬ್ಬರೂ ತಮ್ಮ ತಮ್ಮ ಗಡಿಯಾರ ನೋಡಿದರು. ಕೋಚ್ ಆಗಿ ಮೊದಲ ವರ್ಷವೇ ಹೈಸ್‌ಮನ್ ಅವರಿಗೆ ಸಿಕ್ಕಿದ್ದು ಹೀಗೆ ಅರ್ಧ ಒಪ್ಪಿದ, ಅರ್ಧ ಒಪ್ಪದ ಕೀರ್ತಿ.

ಗ್ರೀಸು, ನಾಟಕ ಮತ್ತು ಒಂದು ಪತ್ರ

ಕಣ್ಣು ಸುಧಾರಿಸಿತು, ಆದರೆ ವಕೀಲಿಕೆಗೆ ಅವರು ವಾಪಸು ಹೋಗಲೇ ಇಲ್ಲ. 1895ರಿಂದ 1899ರವರೆಗೆ ದಕ್ಷಿಣದ ಆಬರ್ನ್ ಕಾಲೇಜಿನಲ್ಲಿದ್ದರು. ಅಲ್ಲಿ ತಂಡದ ಮೇಲೆ ಸಾಲ ಬಂದಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಾಟಕ ಆಡಿಸಿ ದುಡ್ಡು ಎತ್ತಿದರು. ನಾಟಕ ಅವರ ಎರಡನೇ ಹುಚ್ಚು. ಫುಟ್ಬಾಲ್ ಇಲ್ಲದ ಬೇಸಗೆಯಲ್ಲಿ ನಾಟಕ ಕಂಪೆನಿಗಳಲ್ಲಿ ಪಾತ್ರ ಮಾಡುತ್ತಿದ್ದರು. ಮೈದಾನದಲ್ಲಿ ಮಾತಾಡುವಾಗಲೂ ರಂಗದ ಮೇಲಿನ ಗತ್ತು ಹೋಗುತ್ತಿರಲಿಲ್ಲವಂತೆ.

ಆಬರ್ನಿನಲ್ಲೇ ಇನ್ನೊಂದು ರೈಲಿನ ಕಥೆ ಉಂಟು, ಇದರಲ್ಲಿ ಕೋಚ್ ಪಾತ್ರ ಇಲ್ಲ. 1896ರಲ್ಲಿ ಜಾರ್ಜಿಯಾ ಟೆಕ್ ತಂಡ ಪಂದ್ಯಕ್ಕೆ ಬರುವ ಹಿಂದಿನ ರಾತ್ರಿ ಆಬರ್ನ್ ಹುಡುಗರು ಹೋಗಿ ಹಳಿಗೆ ಗ್ರೀಸು ಹಚ್ಚಿ ಬಂದರು. ಘರ್ಷಣೆ ಇಲ್ಲದೆ ರೈಲು ಸ್ಟೇಷನ್ನಿನಲ್ಲಿ ನಿಲ್ಲಲಿಲ್ಲ, ಜಾರಿಕೊಂಡು ಮುಂದಿನ ಊರಿಗೆ ಹೋಯಿತು. ಟೆಕ್ ಆಟಗಾರರು ಮೈಲುಗಟ್ಟಲೆ ನಡೆದು ಬಂದು, ಆಡಿ, 45–0ರಿಂದ ಸೋತರು. ದಯವಿಟ್ಟು ಕಬಕ ಪುತ್ತೂರು ಸ್ಟೇಷನ್ನಿನಲ್ಲಿ ಯಾರೂ ಪ್ರಯತ್ನ ಮಾಡಬೇಡಿ.

ಹೈಸ್‌ಮನ್ ಬದುಕಿನ ದೊಡ್ಡ ಕೆಲಸ ಶುರುವಾದದ್ದು 1895ರಲ್ಲಿ. ಜಾರ್ಜಿಯಾ ಮತ್ತು ನಾರ್ತ್ ಕೆರೊಲಿನಾ ನಡುವಿನ ಪಂದ್ಯವನ್ನು ಅವರು ನೋಡುತ್ತಿದ್ದರು. ಒದೆಯಲು ಹೊರಟ ಆಟಗಾರ ಎದುರಾಳಿಗಳು ಮೈಮೇಲೆ ಬಂದದ್ದು ಕಂಡು ಗಾಬರಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆದುಬಿಟ್ಟ. ತನ್ನ ತಂಡದವನೇ ಹಿಡಿದು ಓಡಿ ಗೆರೆ ದಾಟಿದ. ನಿಯಮಕ್ಕೆ ವಿರುದ್ಧ, ಆದರೆ ರೆಫರಿ ಎಸೆದದ್ದನ್ನು ನೋಡಿರಲಿಲ್ಲ. ಬೇರೆಯವರಿಗೆ ಅದು ಮೋಸ. ಹೈಸ್‌ಮನ್ ಅವರಿಗೆ ಪರಿಹಾರ ಕಂಡಿತು. ಚೆಂಡು ಮುಂದಕ್ಕೆ ಹಾರುವ ಹಾಗಿದ್ದರೆ ಎದುರಾಳಿಗಳು ಮೈದಾನದ ತುಂಬ ಹರಡಿ ನಿಲ್ಲಲೇಬೇಕು, ಆಗ ಗುಂಪು ಕಟ್ಟಿ ಒಬ್ಬನ ಮೇಲೆ ನುಗ್ಗುವ ಆಟಕ್ಕೆ ಅರ್ಥವೇ ಇರುವುದಿಲ್ಲ. ಕೈಕಾಲು ಮುರಿಯುವುದು, ಸಾಯುವುದು ಕಡಿಮೆಯಾಗುತ್ತದೆ.

ನಿಯಮಗಳ ಸಮಿತಿಯಲ್ಲಿ ಕೊನೆಯ ಮಾತು ವಾಲ್ಟರ್ ಕ್ಯಾಂಪ್ ಅವರದ್ದು. ಹೈಸ್‌ಮನ್ ಅವರಿಗೆ ಪತ್ರ ಬರೆದರು. ಕೆಲಸ ಆಗಲಿಲ್ಲ. ವರ್ಷಗಟ್ಟಲೆ ಬೆನ್ನು ಹತ್ತಿದರು. ಅಷ್ಟರಲ್ಲಿ 1905 ಬಂತು. ಪತ್ರಿಕೆಯೊಂದರ ಲೆಕ್ಕದ ಪ್ರಕಾರ ಆ ಒಂದು ಸೀಸನ್ನಿನಲ್ಲಿ ಆಟ ಆಡುತ್ತ ಸತ್ತವರು 18 ಮಂದಿ, ಹೆಚ್ಚಿನವರು ಹೈಸ್ಕೂಲು, ಕಾಲೇಜು ವಯಸ್ಸಿನ ಹುಡುಗರು. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಅವರೇ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಕೆಲವು ಕಾಲೇಜುಗಳು ಆಟವನ್ನೇ ನಿಲ್ಲಿಸಿದವು. 1906ರಲ್ಲಿ ಮುಂದಕ್ಕೆ ಎಸೆಯುವುದು ನಿಯಮಬದ್ಧವಾಯಿತು. ಇದು ಒಬ್ಬರಿಂದಾದ ಬದಲಾವಣೆ ಅಲ್ಲ, ಸಾವಿರ ಜನರ ಒತ್ತಡ ಇತ್ತು. ಆದರೆ ಸಾವುಗಳು ಪೇಪರಿನ ಮುಖಪುಟಕ್ಕೆ ಬರುವುದಕ್ಕಿಂತ ಎಷ್ಟೋ ಮೊದಲೇ ಅದನ್ನು ಕೇಳುತ್ತ ಬಂದವರಲ್ಲಿ ಹೈಸ್‌ಮನ್ ಮುಂದಿದ್ದರು.

ಎಂಜಿನಿಯರಿಂಗ್ ಕಾಲೇಜಿಗೆ

1900ರಲ್ಲಿ ಕ್ಲೆಮ್ಸನ್ ಕಾಲೇಜಿಗೆ ಹೋದರು, ಆ ವರ್ಷ ಅಲ್ಲಿಯೂ ಆರಕ್ಕೆ ಆರು ಗೆಲುವು. 1903ರಲ್ಲಿ ಅವರ ಕ್ಲೆಮ್ಸನ್ ತಂಡ ಜಾರ್ಜಿಯಾ ಟೆಕ್ ಅನ್ನು 73–0ರಿಂದ ಸೋಲಿಸಿತು. ಟೆಕ್‌ನವರು ಮಾಡಿದ್ದು ಜಾಣತನ, ಹೊಡೆದವರನ್ನೇ ಮನೆಗೆ ಕರೆದರು. ವರ್ಷಕ್ಕೆ 2,250 ಡಾಲರ್ ಸಂಬಳ, ಜೊತೆಗೆ ಟಿಕೆಟ್ ದುಡ್ಡಿನಲ್ಲಿ ನೂರಕ್ಕೆ 30 ಪಾಲು. 1904ರಲ್ಲಿ ಹೈಸ್‌ಮನ್ ಅಟ್ಲಾಂಟಾಕ್ಕೆ ಬಂದರು.

ಟೆಕ್ ಅಂದರೆ ವರ್ಕ್‌ಶಾಪ್, ಡ್ರಾಯಿಂಗ್ ಶೀಟುಗಳ ಕಾಲೇಜು. ಮೈದಾನದ ಮೊದಲ ಕಾಂಕ್ರೀಟ್ ಗ್ಯಾಲರಿಯನ್ನು 1913ರಲ್ಲಿ ಬಹುಮಟ್ಟಿಗೆ ಕಟ್ಟಿದವರು ವಿದ್ಯಾರ್ಥಿಗಳೇ. ಹೈಸ್‌ಮನ್ ಸೀಸನ್ನಿನ ಮೊದಲ ದಿನ ಚೆಂಡು ಎತ್ತಿ ಹಿಡಿದು, ಇದು ಪ್ರೋಲೇಟ್ ಸ್ಫೆರಾಯ್ಡ್ ಅಂತ ಶುರು ಮಾಡುತ್ತಿದ್ದರು. ಇದನ್ನು ಕೈಯಿಂದ ಜಾರಿಸುವುದಕ್ಕಿಂತ ಚಿಕ್ಕಂದಿನಲ್ಲೇ ಸತ್ತಿದ್ದರೆ ಒಳ್ಳೆಯದಿತ್ತು ಎಂಬ ಅರ್ಥದ ಮಾತಿನಿಂದ ಮುಗಿಸುತ್ತಿದ್ದರು. ಸೀಸನ್ ಹೊತ್ತಿನಲ್ಲಿ ವಾರದ ದಿನ ಬಿಸಿನೀರು, ಸೋಪು ನಿಷೇಧ, ಶಕ್ತಿ ಇಳಿಯುತ್ತದೆ ಅಂತ. ಆಟಿ ತಿಂಗಳ ಮಳೆಯಲ್ಲಿ ಬಿಸಿನೀರಿಲ್ಲದೆ ಇರುವ ಹಾಸ್ಟೆಲಿನವರು ಇದನ್ನು ವಾರ್ಡನ್‌ಗೆ ತೋರಿಸಬೇಡಿ.

222–0

1916ರ ಅಕ್ಟೋಬರ್ 7ರ ಪಂದ್ಯವನ್ನು ಬಿಟ್ಟು ಹೈಸ್‌ಮನ್ ಕಥೆ ಹೇಳುವ ಹಾಗಿಲ್ಲ. ಕಂಬರ್ಲೆಂಡ್ ಎಂಬ ಸಣ್ಣ ಕಾಲೇಜು ಆ ವರ್ಷ ಫುಟ್ಬಾಲ್ ತಂಡವನ್ನೇ ಮುಚ್ಚಿತ್ತು. ಆದರೆ ಟೆಕ್ ಜೊತೆ ಒಪ್ಪಂದ ಆಗಿಬಿಟ್ಟಿತ್ತು, ಬರದಿದ್ದರೆ 3,000 ಡಾಲರ್ ದಂಡ. ಹೈಸ್‌ಮನ್ ಬಿಡಲಿಲ್ಲ. ಅದೇ ವರ್ಷ ಬೇಸ್‌ಬಾಲಿನಲ್ಲಿ ಕಂಬರ್ಲೆಂಡ್ ಟೆಕ್ ಅನ್ನು 22–0ರಿಂದ ಸೋಲಿಸಿತ್ತು, ಸಂಬಳದ ಆಟಗಾರರನ್ನು ವಿದ್ಯಾರ್ಥಿಗಳು ಅಂತ ಇಳಿಸಿದ್ದರು ಎಂಬ ಸಿಟ್ಟು ಅವರಿಗಿತ್ತು. ಬೇಸ್‌ಬಾಲ್ ಕೋಚ್ ಕೂಡ ಅವರೇ.

ಕಂಬರ್ಲೆಂಡಿನ ವಿದ್ಯಾರ್ಥಿ ಮ್ಯಾನೇಜರ್ ಜಾರ್ಜ್ ಅಲೆನ್ ಸಿಕ್ಕಿದ ಗೆಳೆಯರನ್ನು, ಕಾನೂನು ಓದುವ ಹುಡುಗರನ್ನು ಸೇರಿಸಿಕೊಂಡು ಬಂದ. ಅರ್ಧ ಆಟಕ್ಕೆ 126–0. ಕೊನೆಗೆ 222–0. ಆಗ ಟಚ್‌ಡೌನಿಗೆ 6 ಅಂಕ ಆಗಿತ್ತು: 32 ಟಚ್‌ಡೌನ್, 30 ಒದೆತ, ಲೆಕ್ಕ ಸರಿ ಬರುತ್ತದೆ. ಕಾಲೇಜು ಫುಟ್ಬಾಲಿನಲ್ಲಿ ಇದನ್ನು ಮೀರಿದ ಗೆಲುವು ಇವತ್ತಿಗೂ ಇಲ್ಲ.

ಬರೀ ಅಂಕದ ಮೊತ್ತ ನೋಡಿ ತಂಡಗಳನ್ನು ಅಳೆಯುವ ಪತ್ರಕರ್ತರಿಗೆ ಅಂಥ ಅಳತೆ ಎಷ್ಟು ಪೊಳ್ಳು ಅಂತ ತೋರಿಸುವುದೂ ಅವರ ಉದ್ದೇಶವಾಗಿತ್ತು ಅನ್ನುತ್ತಾರೆ. ಇರಬಹುದು. ಆದರೆ ಪಾಠದ ಬೆಲೆ ಕೊಟ್ಟದ್ದು ಪತ್ರಕರ್ತರಲ್ಲ, ಅಭ್ಯಾಸವೇ ಇಲ್ಲದೆ ಮೈದಾನಕ್ಕಿಳಿದ ಆ ಹುಡುಗರು. ಅಂಕ ಕದ್ದವರು ಬೇರೆ, ಪೆಟ್ಟು ತಿಂದವರು ಬೇರೆ. ಹುಡುಗರ ಜೀವ ಉಳಿಸಲು ವರ್ಷಗಟ್ಟಲೆ ಬೆನ್ನು ಹತ್ತಿದ ಮನುಷ್ಯನೇ ಇವರು ಅಂತ ನಂಬಲು ನಮಗೆ ಕಷ್ಟವಾಯಿತು. ಎರಡೂ ಒಬ್ಬರೇ.

1917

ಮರುವರ್ಷದ್ದು ಅವರ ಬದುಕಿನ ಅತಿ ದೊಡ್ಡ ಸೀಸನ್. ಸೆಪ್ಟೆಂಬರ್ 29ರಂದು ಒಂದೇ ದಿನ ಎರಡು ಪಂದ್ಯ, ಫರ್ಮನ್ ಮೇಲೆ 25–0, ವೇಕ್ ಫಾರೆಸ್ಟ್ ಮೇಲೆ 33–0. ಮುಂದಿನ ವಾರ ತಾವೇ ಓದಿದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಲೆ 41–0. ಆಮೇಲೆ ಡೇವಿಡ್ಸನ್ 32–10, ವಾಷಿಂಗ್ಟನ್ ಅಂಡ್ ಲೀ 63–0, ವ್ಯಾಂಡರ್‌ಬಿಲ್ಟ್ 83–0, ಟುಲೇನ್ 48–0, ಕಾರ್ಲೈಲ್ 98–0, ಆಬರ್ನ್ 68–7. ಒಂಬತ್ತು ಪಂದ್ಯ, ಒಂಬತ್ತು ಗೆಲುವು, ಗಳಿಸಿದ್ದು 491, ಕೊಟ್ಟದ್ದು 17.

ತಂಡದ ಓಟಗಾರ ಎವರೆಟ್ ಸ್ಟ್ರಪ್ಪರ್‌ಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ತುಟಿ ನೋಡಿ ಸಂಕೇತ ತಿಳಿದುಕೊಳ್ಳುತ್ತಿದ್ದ. ಇನ್ನೊಬ್ಬ ಜೋ ಗಯಾನ್, ಒಜಿಬ್ವೆ ಬುಡಕಟ್ಟಿನವನು. ಅವನು ಮೊದಲು ಆಡಿದ್ದು ಮೂಲನಿವಾಸಿಗಳ ಮಕ್ಕಳಿಗೆಂದೇ ಸರ್ಕಾರ ನಡೆಸುತ್ತಿದ್ದ ಕಾರ್ಲೈಲ್ ಶಾಲೆಗೆ. 98–0 ಆದದ್ದು ಅದೇ ಶಾಲೆಯ ಮೇಲೆ. ಮರುವರ್ಷ, 1918ರಲ್ಲಿ, ಆ ಶಾಲೆಯೇ ಮುಚ್ಚಿತು.

ಈ ಸೋಲಿಲ್ಲದ ಸೀಸನ್ನಿಗೂ ಒಂದು ಅಡಿಟಿಪ್ಪಣಿ ಉಂಟು. ಅಮೆರಿಕ ಆ ವರ್ಷ ಮೊದಲನೇ ಮಹಾಯುದ್ಧಕ್ಕೆ ಇಳಿದಿತ್ತು, ಎಷ್ಟೋ ಕಾಲೇಜುಗಳ ಆಟಗಾರರು ಸೈನ್ಯಕ್ಕೆ ಹೋಗಿದ್ದರು. ಅದೇ ವರ್ಷ ಪಾಪ್ ವಾರ್ನರ್ ಅವರ ಪಿಟ್ಸ್‌ಬರ್ಗ್ ತಂಡವೂ ಹತ್ತಕ್ಕೆ ಹತ್ತು ಗೆದ್ದಿತ್ತು. ಎರಡು ತಂಡ ಎದುರುಬದುರಾಗಲೇ ಇಲ್ಲ. 1918ರ ನವೆಂಬರ್ 23ರಂದು ಆದವು, ಟೆಕ್ 32–0ರಿಂದ ಸೋತಿತು. 1915ರಿಂದ ಮೂರು ಸೀಸನ್ ಪೂರ್ತಿ ಸೋಲು ಕಾಣದೆ ಬಂದ ಓಟ ಅಲ್ಲಿಗೆ ನಿಂತಿತು.

ಇನ್ನೂ ಒಂದು ಮಾತು. ಆ ಕಾಲದಲ್ಲಿ ಜಾರ್ಜಿಯಾ ಟೆಕ್‌ಗೆ ಕಪ್ಪು ವಿದ್ಯಾರ್ಥಿಗಳು ಸೇರುವ ಹಾಗೇ ಇರಲಿಲ್ಲ. ಮೊದಲ ಬಾರಿ ಸೇರಿದ್ದು 1961ರಲ್ಲಿ. ದಕ್ಷಿಣದ ಬಿಳಿಯರ ಕಾಲೇಜುಗಳು ಕಪ್ಪು ಆಟಗಾರರಿರುವ ತಂಡದ ಜೊತೆ ಆಡುತ್ತಲೂ ಇರಲಿಲ್ಲ. ಸೋಲಲಿಲ್ಲ ಅನ್ನುವಾಗ ಯಾರ ಎದುರು ಆಡಲೇ ಇಲ್ಲ ಅನ್ನುವುದನ್ನೂ ಕೇಳಬೇಕು.

ಆಡದೆ ಬಿಟ್ಟ ಪಂದ್ಯ

1919ರ ಸೀಸನ್ ಮುಗಿದ ಮೇಲೆ ಹೈಸ್‌ಮನ್ ಅಟ್ಲಾಂಟಾ ಬಿಟ್ಟರು. ಕಾರಣ ಆಟ ಅಲ್ಲ, ಮನೆ. ನಟಿಯಾಗಿದ್ದ ಹೆಂಡತಿ ಎವೆಲಿನ್ ಅವರಿಂದ ವಿಚ್ಛೇದನ ಆಗಿತ್ತು. ಇಬ್ಬರೂ ಒಂದೇ ಊರಲ್ಲಿದ್ದರೆ ಮುಜುಗರ, ಊರು ಆಕೆಯೇ ಆರಿಸಲಿ, ತಾನು ಬೇರೆ ಕಡೆ ಹೋಗುತ್ತೇನೆ ಅಂತ ಒಪ್ಪಿಕೊಂಡಿದ್ದರು. ಆಕೆ ಅಟ್ಲಾಂಟಾ ಆರಿಸಿದರು. ಇವರು ಮಾತು ಉಳಿಸಿಕೊಂಡು ಪೆನ್ಸಿಲ್ವೇನಿಯಾಕ್ಕೆ ಹೋದರು.

1923ರಲ್ಲಿ ಅವರು ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನ ಕೋಚ್. ತಂಡದಲ್ಲಿ ಚಾರ್ಲ್ಸ್ ವೆಸ್ಟ್ ಎಂಬ ಕಪ್ಪು ಆಟಗಾರ ಇದ್ದರು. ಅದೇ ವಾಷಿಂಗ್ಟನ್ ಅಂಡ್ ಲೀ, 1917ರಲ್ಲಿ 63–0ರಿಂದ ಸೋತಿದ್ದ ತಂಡ, ಈಗ ಪಂದ್ಯಕ್ಕೆ ಬಂತು. ವೆಸ್ಟ್ ಅವರನ್ನು ಹೊರಗೆ ಕೂರಿಸಿದರೆ ಮಾತ್ರ ಆಡುತ್ತೇವೆ ಅಂದಿತು. ಹೈಸ್‌ಮನ್ ಅವರ ಕಾಲೇಜು ಕೂರಿಸಲಿಲ್ಲ. ಪಂದ್ಯ ನಡೆಯಲಿಲ್ಲ. 222 ಅಂಕದ ಪಂದ್ಯಕ್ಕಿಂತ ಒಂದೂ ಅಂಕ ಇಲ್ಲದ ಈ ಪಂದ್ಯ ನಮಗೆ ದೊಡ್ಡದಾಗಿ ಕಾಣುತ್ತದೆ.

1924ರಿಂದ 1927ರವರೆಗೆ ಟೆಕ್ಸಾಸಿನ ರೈಸ್‌ನಲ್ಲಿದ್ದು ಕೋಚ್ ಕೆಲಸ ಬಿಟ್ಟರು. ಒಟ್ಟು ಎಂಟು ಕಾಲೇಜು. ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ಬಿನಲ್ಲಿ ಕ್ರೀಡಾ ನಿರ್ದೇಶಕರಾದರು. ಆ ಕ್ಲಬ್ 1935ರಲ್ಲಿ ಆಟಗಾರನೊಬ್ಬನಿಗೆ ಟ್ರೋಫಿ ಕೊಡಲು ಹೊರಟಾಗ ಅವರು ಮೊದಲು ಅಷ್ಟಾಗಿ ಒಪ್ಪಲಿಲ್ಲ. 11 ಜನ ಆಡುವ ಆಟದಲ್ಲಿ ಒಬ್ಬನಿಗೆ ಯಾಕೆ ಅಂತ. 1936ರ ಅಕ್ಟೋಬರ್ 3ರಂದು ಅವರು ತೀರಿಕೊಂಡರು. ಅದೇ ವರ್ಷ ಆ ಟ್ರೋಫಿಗೆ ಅವರ ಹೆಸರೇ ಬಂತು.

ಅವರ ಸೋಲಿಲ್ಲದ ಸೀಸನ್‌ಗಳ ಪಟ್ಟಿ ಹೇಗೂ ಪುಸ್ತಕದಲ್ಲಿ ಉಂಟು. ಇವತ್ತು ಟಿವಿಯಲ್ಲಿ ಈ ಆಟ ಕಂಡರೆ, ಚೆಂಡು ಕೈಯಿಂದ ಹೊರಟು ತಿರುಗುತ್ತ ಮುಂದಕ್ಕೆ ಹಾರುವುದನ್ನು ಒಂದು ಕ್ಷಣ ನೋಡಿ. ಆ ಎಸೆತ ಇಲ್ಲದಿದ್ದ ಕಾಲದಲ್ಲಿ ಹುಡುಗರು ಸಾಯುತ್ತಿದ್ದರು. ಮತ್ತೆ ಮುಂದಿನ ಪಂದ್ಯಾಟಕ್ಕೆ ನಾವು ಸುಳ್ಯಕ್ಕೋ ಕಡಬಕ್ಕೋ ಹೋದಾಗ, ಆಟ ಶುರುವಾಗುವ ಮೊದಲೇ ಎರಡೂ ಕಡೆಯವರು ಒಂದೇ ವಾಚ್ ನೋಡಿ ಒಪ್ಪಿಕೊಳ್ಳೋಣ. ಕೊನೆಯ ಬಸ್ ಎಷ್ಟು ಗಂಟೆಗೆ ಅಂತಲೂ ಕೇಳಿಟ್ಟುಕೊಳ್ಳೋಣ.